ಬಂದ ಶಿಕ್ಷಕರು ನಿಲ್ಲಬೇಕಾದರೆ

ಪ್ರತಿ ವರ್ಷ ಬೇಸಿಗೆಯಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಫಲಿತಾಂಶವು ಹೊರಬಿದ್ದೊಡನೆ ಜಿಲ್ಲೆಗಳ ಅನುಕ್ರಮದ ಪಟ್ಟಿಯೊಂದು ಪ್ರಕಟವಾಗುವದು. ಅದರ ತಲೆಯಲ್ಲಿ ಕರಾವಳಿಯ ಜಿಲ್ಲೆಗಳೂ ಬುಡದಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳೂ ಇರುವದು ಈಗ ರೂಢಿಯ ಮಾತಾಗಿದೆ. 2024ರಲ್ಲಿ ಉಡುಪಿಯು ಶೇಕಡಾ 94ರಷ್ಟು ತೇರ್ಗಡೆಯಿಂದ ಮೊದಲನೆಯದಾಯಿತು. ಯಾದಗಿರಿಯು ಶೇಕಡಾ 50ರ ಆಸುಪಾಸಿನಲ್ಲಿ ಕೊನೆಗೆ ನಿಂತಿತು. 2025ರಲ್ಲಿ ದಕ್ಷಿಣ ಕನ್ನಡಕ್ಕೆ ಶೇಕಡಾ 91, ಕಲಬುರಗಿಗೆ ಶೇಕಡಾ 42. ಪಟ್ಟಿಯು ಬಂದ ವಾರದಲ್ಲಿ ಮಂತ್ರಿಗಳು ಅಧಿಕಾರಿಗಳನ್ನೂ ಅಧಿಕಾರಿಗಳು ಮುಖ್ಯಾಧ್ಯಾಪಕರನ್ನೂ ಮುಖ್ಯಾಧ್ಯಾಪಕರು ಮಕ್ಕಳನ್ನೂ ದೂರುವರು. ಆ ಬಳಿಕ ಎಲ್ಲವೂ ತಣ್ಣಗಾಗುವದು. ಆದರೆ ಆ ಮಕ್ಕಳಿಗೆ ಆರನೆಯ ತರಗತಿಯಿಂದ ಹತ್ತನೆಯ ತರಗತಿಯವರೆಗೆ ಗಣಿತವನ್ನೂ ವಿಜ್ಞಾನವನ್ನೂ ಕಲಿಸಿದವರು ಯಾರು, ಎಷ್ಟು ತಿಂಗಳು ಕಲಿಸಿದರು, ನಡುವೆ ಎಷ್ಟು ಜನ ಬದಲಾದರು ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ಇಂದು ನಾವು ಆ ಪ್ರಶ್ನೆಯನ್ನೇ ವಾಚಕರ ಮುಂದೆ ಇಡಬಯಸುತ್ತೇವೆ.

ಪ್ರಶ್ನೆಯು ಸ್ಪಷ್ಟವಾಗಬೇಕಾದರೆ ಬೆಂಗಳೂರಿನ ಕಚೇರಿಯಿಂದ ನೋಡಿದರೆ ಸಾಲದು. ರಾಯಚೂರು ಜಿಲ್ಲೆಯ ಸಂತೆಕಲ್ಲೂರಿನಂತಹ ಒಂದು ಊರಿನಲ್ಲಿ ನಿಂತು ನೋಡಬೇಕು. ಕೃಷ್ಣೆ-ತುಂಗಭದ್ರೆಗಳ ನಡುವಣ ಎಡೆದೊರೆ ನಾಡಿನಲ್ಲಿ, ಮೊದಲು ಲಿಂಗಸುಗೂರಿಗೆ ಸೇರಿದ್ದು ಈಗ ಮಸ್ಕಿ ತಾಲ್ಲೂಕಿನಲ್ಲಿರುವ ಈ ಊರಿನ ಹೆಸರಿನಲ್ಲಿಯೇ ಸಂತೆಯಿದೆ. ಸಂತೆಗೆ ಬಂದ ವ್ಯಾಪಾರಿಯು ಬೆಳಿಗ್ಗೆ ಅಂಗಡಿ ಹಾಕಿ ಸಂಜೆಗೆ ಗಂಟು ಕಟ್ಟುವನು. ಅದು ಅವನ ವೃತ್ತಿಯ ಧರ್ಮ. ಆದರೆ ಈ ಭಾಗದ ಹಳ್ಳಿಗಳಿಗೆ ಬರುವ ಗಣಿತ-ವಿಜ್ಞಾನಗಳ ಶಿಕ್ಷಕರೂ ಸಂತೆಯ ವ್ಯಾಪಾರಿಗಳಂತೆ ಬಂದು ಹೋಗುವರೆಂದರೆ ಅಲ್ಲಿಯ ಮಕ್ಕಳ ಗತಿಯೇನು? ನಮ್ಮ ಸರಕಾರವು ಶಿಕ್ಷಕರನ್ನು ನೇಮಿಸುವ ವಿಷಯದಲ್ಲಿ ಆಗಾಗ ಯೋಚಿಸುತ್ತದೆ. ನೇಮಕವಾದವರನ್ನು ಬೆಳೆಸುವ ಹಾಗೂ ನಿಲ್ಲಿಸಿಕೊಳ್ಳುವ ವಿಷಯದಲ್ಲಿ ಅದು ಯೋಚಿಸಿದ್ದು ತೀರ ಕಡಿಮೆ. ರೋಗದ ಮೂಲವು ಇಲ್ಲಿಯೇ ಇದೆಯೆಂದು ನಮ್ಮ ಮತ.

ಈ ನಾಡಿನ ಜನಕ್ಕೆ ವಿದ್ಯೆಯಲ್ಲಿ ಆಸಕ್ತಿಯಿಲ್ಲವೆಂದು ಹೇಳುವವರಿಗೆ ಇಲ್ಲಿಯ ಚರಿತ್ರೆಯೇ ಉತ್ತರ ಕೊಡುವದು. ಸಂತೆಕಲ್ಲೂರಿನ ಘನಮಠದ ನಾಗಭೂಷಣ ಶಿವಯೋಗಿಗಳು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಒಕ್ಕಲುತನದ ಅನುಭವಜ್ಞಾನವನ್ನು ‘ಕೃಷಿ ಜ್ಞಾನ ಪ್ರದೀಪಿಕೆ’ಯಲ್ಲಿ ಕನ್ನಡಿಗರ ಕೈಗೆ ಕೊಟ್ಟರು. ನಿಜಾಮರ ಆಳಿಕೆಯಲ್ಲಿ ಮೇಲುದರ್ಜೆಯ ವಿದ್ಯೆಯೆಲ್ಲ ಉರ್ದುವಿನಲ್ಲಿತ್ತು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಭಾಷೆಯೂ ಅದೇ. ಮನೆಯಲ್ಲಿ ಕನ್ನಡವನ್ನಾಡುವ ರೈತನ ಮಗನು ಭಿನ್ನರಾಶಿಯನ್ನು ಕಲಿಯುವ ಮುಂಚೆ ಮತ್ತೊಂದು ಭಾಷೆಯನ್ನು ಕಲಿಯಬೇಕಾಗಿತ್ತು. ಅಂತಹ ಕಾಲದಲ್ಲಿಯೂ ಪಂಡಿತ ತಾರಾನಾಥರು ರಾಯಚೂರಿನಲ್ಲಿ ಹಮದರ್ದ ಶಾಲೆಯನ್ನು ಕಟ್ಟಿದರು. ಜನರು ಅದನ್ನು ಸಾಕಿದರು. 1948ರಲ್ಲಿ ಆ ಆಳಿಕೆಯು ಕೊನೆಗೊಂಡಿತು. 1956ರಲ್ಲಿ ಈ ಜಿಲ್ಲೆಗಳು ಕನ್ನಡ ನಾಡಿನೊಡನೆ ಒಂದಾದವು. ಏಕೀಕರಣವಾಗಿ ಎಪ್ಪತ್ತು ವರ್ಷಗಳು ತುಂಬುತ್ತ ಬಂದರೂ ಹಳ್ಳಿಯ ಹುಡುಗನಿಗೆ ತನ್ನ ಭಾಷೆಯಲ್ಲಿ ಬೀಜಗಣಿತವನ್ನು ಹೇಳಿಕೊಡುವ ಶಿಕ್ಷಕನು ಸ್ಥಿರವಾಗಿ ದೊರೆಯುವದಿಲ್ಲವೆಂದರೆ, ತಪ್ಪನ್ನು ನಿಜಾಮರ ತಲೆಗೆ ಕಟ್ಟಿ ಕುಳಿತುಕೊಳ್ಳಲು ಇನ್ನು ಬಾರದು.

ಕಾಯದೆಯು ಏನು ಹೇಳುತ್ತದೆ? 2009ರಲ್ಲಿ ಅಂಗೀಕೃತವಾಗಿ 2010ರ ಏಪ್ರಿಲ 1ರಿಂದ ಜಾರಿಗೆ ಬಂದ ಕಡ್ಡಾಯ ಶಿಕ್ಷಣದ ಹಕ್ಕಿನ ಕಾಯದೆಯಂತೆ, ಆರರಿಂದ ಎಂಟರವರೆಗಿನ ತರಗತಿಗಳಲ್ಲಿ ವಿಜ್ಞಾನ ಮತ್ತು ಗಣಿತಕ್ಕೆ ಒಬ್ಬ ಶಿಕ್ಷಕನಾದರೂ ಇರಲೇಬೇಕು. ಅದರ 26ನೆಯ ಕಲಮಿನ ಪ್ರಕಾರ ಯಾವ ಸರಕಾರಿ ಶಾಲೆಯಲ್ಲಿಯೂ ಖಾಲಿ ಹುದ್ದೆಗಳು ಮಂಜೂರಾದ ಸಂಖ್ಯೆಯ ಶೇಕಡಾ 10ನ್ನು ಮೀರಕೂಡದು. ಮೂರು-ನಾಲ್ಕು ಶಿಕ್ಷಕರಿರುವ ಹಳ್ಳಿಯ ಶಾಲೆಯಲ್ಲಿ ಒಬ್ಬನು ಹೋದರೂ ಖಾಲಿಯು ಶೇಕಡಾ 25ನ್ನು ಮುಟ್ಟುವದು. ಅಂದರೆ ಚಿಕ್ಕ ಶಾಲೆಯಲ್ಲಿ ಒಂದೇ ಹುದ್ದೆಯು ತೆರವಾದರೂ ಕಾಯದೆಯು ಭಂಗವಾದಂತೆಯೇ. ಮೇಲಾಗಿ ಆ ಒಬ್ಬನು ಗಣಿತ-ವಿಜ್ಞಾನದವನಾಗಿದ್ದರೆ ಶಾಲೆಯಲ್ಲಿ ಆ ಎರಡು ವಿಷಯಗಳ ದೀಪವೇ ಆರಿದಂತಾಗುವದು. ಕನ್ನಡ ಪಾಠವನ್ನಾಗಲಿ ಸಮಾಜ ಪಾಠವನ್ನಾಗಲಿ ಮತ್ತೊಬ್ಬ ಶಿಕ್ಷಕರು ಹೇಗಾದರೂ ತೂಗಿಸಿಕೊಂಡು ಹೋಗಬಹುದು. ಗಣಿತವು ಮೆಟ್ಟಿಲುಗಳಂತೆ ಒಂದರ ಮೇಲೊಂದು ನಿಂತಿರುವ ವಿದ್ಯೆ. ಏಳನೆಯ ತರಗತಿಯಲ್ಲಿ ಆರು ತಿಂಗಳು ಮೆಟ್ಟಿಲು ಮುರಿದರೆ ಹತ್ತನೆಯ ತರಗತಿಯಲ್ಲಿ ಹುಡುಗನು ಬೀಳುವನು; ಬಿದ್ದ ದಿನ ಮುರಿದ ಮೆಟ್ಟಿಲನ್ನು ಯಾರೂ ನೆನೆಯುವದಿಲ್ಲ.

ನೇಮಕದ ಕ್ರಮವನ್ನು ನೋಡೋಣ. 2022ರಲ್ಲಿ ಸರಕಾರವು ಆರರಿಂದ ಎಂಟನೆಯ ತರಗತಿಗಳಿಗಾಗಿ 15,000 ಪದವೀಧರ ಶಿಕ್ಷಕರ ಹುದ್ದೆಗಳನ್ನು ಪ್ರಕಟಿಸಿತು. ಅವುಗಳಲ್ಲಿ 5,000 ಕಲ್ಯಾಣ ಕರ್ನಾಟಕಕ್ಕೆ ಮೀಸಲಾಗಿದ್ದವು. ಒಟ್ಟಿನಲ್ಲಿ 6,500 ಗಣಿತ-ವಿಜ್ಞಾನಕ್ಕೂ 2,500 ಜೀವಶಾಸ್ತ್ರಕ್ಕೂ ಇದ್ದವು. ಇದು ಸ್ವಾಗತಾರ್ಹವೇ. ಆದರೆ ಆ ವರ್ಷದ ಮೇ ತಿಂಗಳಲ್ಲಿ ನಡೆದ ಪರೀಕ್ಷೆಯ ತರುವಾಯ ಆಯ್ಕೆಯ ಪಟ್ಟಿಯಲ್ಲಿ ಕಂಡ ಹೆಸರುಗಳು 13,363 ಮಾತ್ರ. ಉಳಿದ ಹುದ್ದೆಗಳಿಗೆ ತಕ್ಕವರೇ ದೊರೆಯಲಿಲ್ಲ. ಆ ಪಟ್ಟಿಯೂ ವಿವಾಹಿತ ಸ್ತ್ರೀಯರ ಜಾತಿ ಮತ್ತು ಆದಾಯದ ಪ್ರಮಾಣಪತ್ರವು ತಂದೆಯ ಹೆಸರಿನದಿರಬೇಕೋ ಗಂಡನ ಹೆಸರಿನದಿರಬೇಕೋ ಎಂಬ ವ್ಯಾಜ್ಯದಲ್ಲಿ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ನೇಮಕದ ಆದೇಶಗಳು ಅಭ್ಯರ್ಥಿಗಳ ಕೈಸೇರಿದ್ದು 2023ರ ಕೊನೆಯ ತಿಂಗಳುಗಳಲ್ಲಿ. ಪರೀಕ್ಷೆಯಾದ ವರ್ಷ ಆರನೆಯ ತರಗತಿಗೆ ಕಾಲಿಟ್ಟ ಮಗುವು ಅಷ್ಟರಲ್ಲಿ ಏಳನೆಯ ತರಗತಿಯ ಅರ್ಧವನ್ನು ಮುಗಿಸಿತ್ತು. ಹಲವು ವರ್ಷ ಸುಮ್ಮನಿದ್ದು ಒಮ್ಮೆಗೇ ಸಾವಿರಾರು ಹುದ್ದೆಗಳನ್ನು ಕರೆಯುವ ಪದ್ಧತಿಯು ಬರಗಾಲದ ಬಳಿಕ ಬರುವ ಮಹಾಪೂರದಂತೆ. ಅದರಿಂದ ಕೆರೆಯೂ ತುಂಬದು, ಹೊಲವೂ ಹದವಾಗದು. ಪ್ರತಿ ವರ್ಷ ಎಷ್ಟು ಜನ ನಿವೃತ್ತರಾಗುವರೆಂಬದು ಖಾತೆಗೆ ಮುಂಚಿತವಾಗಿಯೇ ಗೊತ್ತಿರುವ ಸಂಗತಿಯಾದ್ದರಿಂದ, ಪ್ರತಿ ವರ್ಷವೂ ಅಷ್ಟಷ್ಟು ನೇಮಕ ಮಾಡಲು ಅಡ್ಡಿಯೇನು?

ಇನ್ನು ಆಯ್ಕೆಯಾಗಿ ಬಂದ ಹೊಸ ಶಿಕ್ಷಕನ ಮೊದಲನೆಯ ವರ್ಷವನ್ನು ವಾಚಕರು ಸ್ವಲ್ಪ ಕಣ್ಣಮುಂದೆ ತಂದುಕೊಳ್ಳಲಿ. ಇಪ್ಪತ್ತೈದು ವಯಸ್ಸಿನ ಒಬ್ಬ ತರುಣಿ, ಬಿ.ಎಸ್‌ಸಿ., ಬಿ.ಎಡ್. ಮುಗಿಸಿ ಎರಡು ಪರೀಕ್ಷೆಗಳನ್ನು ಗೆದ್ದು ಬಂದವಳು. ಊರಿನಲ್ಲಿ ಬಾಡಿಗೆಗೆ ಯೋಗ್ಯವಾದ ಮನೆಯಿಲ್ಲ. ತಾಲ್ಲೂಕಿನ ಊರಿನಲ್ಲಿದ್ದು ಬಸ್ಸಿನಲ್ಲಿ ಓಡಾಡಬೇಕು. ಶಾಲೆಯಲ್ಲಿ ಆ ವಿಷಯಕ್ಕೆ ಅವಳೊಬ್ಬಳೇ. ತ್ರೈರಾಶಿಯನ್ನು ಮಕ್ಕಳಿಗೆ ಹೇಗೆ ತಿಳಿಸಬೇಕೆಂದು ಸಂಶಯ ಬಂದರೆ ಕೇಳಲು ಹಿರಿಯರಿಲ್ಲ. ಪ್ರಯೋಗದ ಸಾಮಾನುಗಳಿದ್ದರೆ ಕಪಾಟಿನಲ್ಲಿವೆ. ಕಪಾಟಿನ ಬೀಗದ ಕೈ ಹಿಂದಿನವರೊಡನೆ ವರ್ಗವಾಗಿ ಹೋಗಿರುವದೂ ಉಂಟು. ಬಿಸಿಯೂಟದ ಲೆಕ್ಕ, ಹಾಲು-ಮೊಟ್ಟೆಗಳ ಲೆಕ್ಕ, ಮೊಬಾಯಿಲಿನಲ್ಲಿ ತುಂಬಬೇಕಾದ ಅಂಕಿ ಅಂಶಗಳು ಹೊಸಬಳ ಪಾಲಿಗೇ ಬರುವವು. 2025ರ ಅಕ್ಟೋಬರದಲ್ಲಿ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಯನ್ನು ಶಿಕ್ಷಕರಿಂದ ಮುಗಿಸಬೇಕೆಂದು ದಸರೆಯ ರಜೆಯನ್ನೇ ಅಕ್ಟೋಬರ 18ರವರೆಗೆ ಬೆಳೆಸಿದ್ದನ್ನು ನಾಡೇ ಕಂಡಿದೆ. ಸಮೀಕ್ಷೆಯ ಅಗತ್ಯವನ್ನು ನಾವು ಅಲ್ಲಗಳೆಯುವದಿಲ್ಲ. ಆದರೆ ಜನಗಣತಿ, ಚುನಾವಣೆ, ವಿಪತ್ತಿನ ಪರಿಹಾರ ಇವುಗಳ ಹೊರತು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಕೂಡದೆಂದು ಅದೇ ಕಾಯದೆಯ 27ನೆಯ ಕಲಮು ಹೇಳುವದನ್ನು ಮಾತ್ರ ನೆನಪಿಸುತ್ತೇವೆ.

ಹೀಗೆ ಮೂರು ವರ್ಷ ಕಳೆದ ಮೇಲೆ ಆ ತರುಣಿಯು ವರ್ಗಾವಣೆಗೆ ಅರ್ಜಿ ಹಾಕಿದರೆ ಅವಳನ್ನು ಯಾರು ದೂಷಿಸಬೇಕು? ಶಿಕ್ಷಕರ ವರ್ಗಾವಣೆಯನ್ನು ನಿಯಂತ್ರಿಸುವ ಕಾಯದೆಯು 2007ರಲ್ಲಿ ಬಂದಿತು. 2020ರಲ್ಲಿ ಹೊಸದಾಗಿ ಬಂದಿತು. ಖಾಲಿ ಹುದ್ದೆಗಳು ಹೆಚ್ಚಾದ ತಾಲ್ಲೂಕುಗಳಿಂದ ಹೊರಹೋಗುವದಕ್ಕೆ ಕಟ್ಟುಪಾಡುಗಳನ್ನು ಹಾಕಲಾಯಿತು. ಹೋಗುವವರನ್ನೆಲ್ಲ ಬಿಟ್ಟರೆ ಶಾಲೆಗಳು ಬರಿದಾಗುವವೆಂಬ ಸರಕಾರದ ಭಯದಲ್ಲಿ ನ್ಯಾಯವಿದೆ. ತಂದೆ-ತಾಯಿಗಳು ದಾವಣಗೆರೆಯಲ್ಲಿ, ಗಂಡನು ಹಾಸನದಲ್ಲಿ, ತಾನು ಮಸ್ಕಿಯಲ್ಲಿ ಎಂಬಂತಿರುವವಳ ಸಂಕಟದಲ್ಲಿಯೂ ನ್ಯಾಯವಿದೆ. ಆದರೆ ಕಟ್ಟುಪಾಡಿನಿಂದ ಹಿಡಿದಿಡಬಹುದಾದದ್ದು ಹಾಜರಿ ಪುಸ್ತಕದ ರುಜುವನ್ನು ಮಾತ್ರ, ಮನಸ್ಸನ್ನಲ್ಲ. ಹೋಗಬೇಕೆಂದು ಗಂಟು ಕಟ್ಟಿಟ್ಟವರ ಪಾಠದಿಂದ ಮಕ್ಕಳಿಗೆ ಲಾಭವೆಷ್ಟು?

ಖಾಲಿಯಾದ ಸ್ಥಳವನ್ನು ತುಂಬುವವರು ಅತಿಥಿ ಶಿಕ್ಷಕರು. ಹೆಸರು ಅತಿಥಿ, ಸತ್ಕಾರವು ಮಾತ್ರ ಕೂಲಿಯದು. ಪ್ರಾಥಮಿಕ ಶಾಲೆಯಲ್ಲಿ ತಿಂಗಳಿಗೆ 10,000, ಪ್ರೌಢಶಾಲೆಯಲ್ಲಿ 10,500 ರೂಪಾಯಿಗಳಿದ್ದ ಗೌರವಧನವನ್ನು 2025ರ ಆಯವ್ಯಯದಲ್ಲಿ 2,000 ರೂಪಾಯಿಗಳಷ್ಟು ಹೆಚ್ಚಿಸಲಾಯಿತು. ಅವರ ಸೇವೆಯು ಶಾಲೆಯ ವರ್ಷದೊಡನೆ ಮುಗಿಯುವದು. ಮುಂದಿನ ವರ್ಷ ಕರೆಯುವರೋ ಇಲ್ಲವೋ ತಿಳಿಯದು. ಆದರೂ ಒಂದು ಸತ್ಯವನ್ನು ಹೇಳದಿದ್ದರೆ ಅನ್ಯಾಯವಾದೀತು. ಈ ಅತಿಥಿಗಳಲ್ಲಿ ಅನೇಕರು ಅದೇ ಊರಿನವರು, ಇಲ್ಲವೆ ನೆರೆಯ ಊರಿನವರು. ಮಕ್ಕಳ ಮನೆಗಳನ್ನು ಬಲ್ಲವರು, ಅವರ ಮಾತಿನ ಧಾಟಿಯನ್ನು ಬಲ್ಲವರು. ನಿಲ್ಲಲಾರದ ಕಾಯಂ ಶಿಕ್ಷಕನೂ ನಿಲ್ಲಬಲ್ಲವನಾದರೂ ಕಾಯಮ್ಮಾಗದ ಅತಿಥಿಯೂ ಒಂದೇ ಶಾಲೆಯ ಅಂಗಳದಲ್ಲಿ ಎದುರುಬದುರಾಗಿರುವದು ನಮ್ಮ ವ್ಯವಸ್ಥೆಯ ವಿಚಿತ್ರ.

ಇದರಿಂದಲೇ ನಾವು ಮುಖ್ಯ ವಿಷಯಕ್ಕೆ ಬರುತ್ತೇವೆ. ಸಂವಿಧಾನದ 371ಜೆ ಕಲಮಿನ ಮೇರೆಗೆ 2013ರಲ್ಲಿ ಹೊರಟ ಆದೇಶವು ಈ ಪ್ರದೇಶದ ‘ಸಿ’ ವರ್ಗದ ಹುದ್ದೆಗಳಲ್ಲಿ ಶೇಕಡಾ 80ನ್ನು ಇಲ್ಲಿಯವರಿಗೇ ಮೀಸಲಿಟ್ಟಿದೆ. ದೀರ್ಘ ಹೋರಾಟದ ಫಲವಿದು. ಆದರೆ ಮೀಸಲಾದ ಹುದ್ದೆಗೆ ಅರ್ಹರಾದವರು ಹುಟ್ಟಿ ಬರುವದೆಲ್ಲಿಂದ? ಹಳ್ಳಿಯ ಶಾಲೆಯಲ್ಲಿ ಗಣಿತದ ಶಿಕ್ಷಕರಿಲ್ಲದ ಕಾರಣ ಹುಡುಗಿಯು ಹತ್ತನೆಯ ತರಗತಿಯಲ್ಲಿ ಗಣಿತಕ್ಕೆ ಅಂಜುವಳು, ಅಂಜಿದವಳು ಪಿ.ಯು.ಸಿ.ಯಲ್ಲಿ ಕಲಾ ವಿಭಾಗವನ್ನು ಆರಿಸಿಕೊಳ್ಳುವಳು. ಆ ಮೇಲೆ ಬಿ.ಎಸ್‌ಸಿ.ಯ ಬಾಗಿಲು ಮುಚ್ಚುವದು, ಬಿ.ಎಸ್‌ಸಿ. ಇಲ್ಲದೆ ವಿಜ್ಞಾನದ ಶಿಕ್ಷಕಿಯಾಗಲಾರಳು. ಹತ್ತು ವರ್ಷಗಳ ಬಳಿಕ ಅವಳ ಊರಿನ ಶಾಲೆಗೆ ಗಣಿತದ ಶಿಕ್ಷಕರು ಬೇಕಾದಾಗ ಊರಿನಲ್ಲಿ ಯಾರೂ ಇರುವದಿಲ್ಲ. ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಂತಹ ಬರದಲ್ಲಿಯೂ ಅವನು ಬಿತ್ತನೆಯ ಬೀಜವನ್ನು ಗಡಿಗೆಯಲ್ಲಿ ಬೇರೆಯಾಗಿ ಕಟ್ಟಿಡುವನು. ನಮ್ಮ ಶಿಕ್ಷಣ ಖಾತೆಯು ಬೀಜವನ್ನೇ ಕಟ್ಟಿಡದೆ ಪ್ರತಿ ವರ್ಷ ಬೆಳೆಯು ಯಾಕೆ ಬರಲಿಲ್ಲವೆಂದು ವಿಚಾರಣೆ ನಡೆಸುತ್ತಿದೆ.

ಈ ವೈಪರೀತ್ಯವು ಈ ಜಿಲ್ಲೆಯಲ್ಲಿ ಇನ್ನಷ್ಟು ಎದ್ದು ಕಾಣುವದು. ಕೋಲಾರದ ಗಣಿಯು 2001ರಲ್ಲಿ ಮುಚ್ಚಿದ ಬಳಿಕ ದೇಶದ ಚಿನ್ನಕ್ಕೆ ಆಸರೆಯಾಗಿರುವ ಹಟ್ಟಿಯು ಲಿಂಗಸುಗೂರು ತಾಲ್ಲೂಕಿನಲ್ಲಿದೆ. 1985ರಿಂದ ನಾಡಿಗೆ ವಿದ್ಯುತ್ತನ್ನು ಕೊಡುತ್ತ ಬಂದ ಶಕ್ತಿನಗರವು ಇದೇ ಜಿಲ್ಲೆಯದು. 2009ರಲ್ಲಿ ರಾಯಚೂರಿಗೆ ಕೃಷಿ ವಿಶ್ವವಿದ್ಯಾಲಯವು ಬಂದಿತು. 2019ರಲ್ಲಿ ಮಾಹಿತಿ ತಂತ್ರಜ್ಞಾನದ ರಾಷ್ಟ್ರೀಯ ಸಂಸ್ಥೆಯೂ ಬಂದಿತು. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಹರಿದು ಸಿಂಧನೂರಿನಲ್ಲಿ ಭತ್ತವು ಬೆಳೆಯಿತು. ನೀರು ನಿಂತ ಕಡೆ ಉಪ್ಪೂ ಮೇಲೆದ್ದಿತು. ಚಿನ್ನದ ಅದಿರು, ಉಗಿಯ ಯಂತ್ರ, ಸವಳು ನೆಲ—ವಿಜ್ಞಾನದ ಪಾಠಕ್ಕೆ ಇಷ್ಟು ಹತ್ತಿರದ ಉದಾಹರಣೆಗಳು ಎಷ್ಟು ಜಿಲ್ಲೆಗಳಿಗಿವೆ? ಅವನ್ನು ಬಳಸಿ ಪಾಠ ಹೇಳಲು ಈ ನೆಲವನ್ನು ಬಲ್ಲ ಶಿಕ್ಷಕರು ಬೇಕು. ಅವರಿಲ್ಲದೆ ಮೇಲಿನ ಸಂಸ್ಥೆಗಳೆಲ್ಲ ಪರಸ್ಥಳದವರ ಮಕ್ಕಳಿಗೆ ಕಟ್ಟಿದ ಛತ್ರಗಳಾದಾವು.

ನಮ್ಮ ಈ ವಾದಕ್ಕೆ ಎರಡು ಆಕ್ಷೇಪಗಳು ಬರಬಹುದು. ಒಳ್ಳೆಯ ಶಿಕ್ಷಕರ ಪಾಠವನ್ನು ಪರದೆಯ ಮೇಲೆ ಎಲ್ಲ ಹಳ್ಳಿಗಳಿಗೂ ಮುಟ್ಟಿಸಬಹುದಲ್ಲ ಎಂಬದು ಮೊದಲನೆಯದು. ಪರದೆಯು ಪಾಠವನ್ನು ಹೇಳೀತು. ಆದರೆ ಭಾಗಾಕಾರದಲ್ಲಿ ಸೊನ್ನೆಯನ್ನು ಎಲ್ಲಿ ಮರೆತನೆಂದು ಹುಡುಗನ ಪಾಟಿಯನ್ನು ನೋಡಿ ಹೇಳಲಾರದು. ಇದ್ದ ಶಿಕ್ಷಕರಿಗೆ ಅದು ಒಳ್ಳೆಯ ಉಪಕರಣ, ಇಲ್ಲದ ಶಿಕ್ಷಕರಿಗೆ ಬದಲಲ್ಲ. ಸ್ಥಳೀಯರೆಂದು ಆರಿಸಿದರೆ ಯೋಗ್ಯತೆಯು ಇಳಿಯುವದೆಂಬದು ಎರಡನೆಯ ಆಕ್ಷೇಪ. ಯೋಗ್ಯತೆಯ ಪರೀಕ್ಷೆಯನ್ನು ಸಡಿಲಿಸಬೇಕೆಂದು ನಾವು ಹೇಳುವದಿಲ್ಲ. ಆ ಪರೀಕ್ಷೆಯನ್ನು ಗೆಲ್ಲಬಲ್ಲವರನ್ನು ಹದಿನಾರನೆಯ ವಯಸ್ಸಿನಿಂದಲೇ ಇಲ್ಲಿ ಬೆಳೆಸಬೇಕೆಂದು ಹೇಳುತ್ತೇವೆ.

ಬೇರೆ ದೇಶಗಳು ಇದೇ ತೊಂದರೆಯನ್ನು ಹೇಗೆ ಎದುರಿಸಿದವೆಂಬದನ್ನು ನೋಡಿದರೆ ದಾರಿಯು ಕಾಣುವದು. ಜಪಾನವು ಯುದ್ಧದಿಂದ ಇನ್ನೂ ಚೇತರಿಸಿಕೊಳ್ಳುತ್ತಿದ್ದ 1954ರಲ್ಲಿಯೇ ದುರ್ಗಮ ಪ್ರದೇಶಗಳ ಶಿಕ್ಷಣಕ್ಕಾಗಿ ಪ್ರತ್ಯೇಕ ಕಾಯದೆಯನ್ನು ಮಾಡಿತು. ಗುಡ್ಡಗಾಡು ಮತ್ತು ದ್ವೀಪಗಳ ಶಾಲೆಗಳ ಶಿಕ್ಷಕರಿಗೆ ವಸತಿಯನ್ನು ಒದಗಿಸುವದು ಸ್ಥಳೀಯ ಆಡಳಿತದ ಕರ್ತವ್ಯವಾಯಿತು. ಅಂತಹ ಸೇವೆಗೆ ವಿಶೇಷ ಭತ್ಯವೂ ಆ ಕಾಯದೆಯ ಹಾಗೂ ಅದರ ತಿದ್ದುಪಡಿಗಳ ಮೂಲಕ ದೊರೆಯಿತು. ಇಂಗ್ಲಂಡಿನಲ್ಲಿ 2021ರಿಂದ ಹೊಸ ಶಿಕ್ಷಕರಿಗೆ ಎರಡು ವರ್ಷಗಳ ಆರಂಭಿಕ ಶಿಕ್ಷಣವು ಕಡ್ಡಾಯವಾಗಿದೆ. ಮೊದಲನೆಯ ವರ್ಷ ಪಾಠದ ಹೊರೆಯನ್ನು ಶೇಕಡಾ 10, ಎರಡನೆಯ ವರ್ಷ ಶೇಕಡಾ 5 ಕಡಿಮೆ ಮಾಡುವರು. ಒಬ್ಬ ಅನುಭವಿಯನ್ನು ಮಾರ್ಗದರ್ಶಕನಾಗಿ ಕೊಡುವರು. ನಮ್ಮ ಕಮ್ಮಾರನಾಗಲಿ ಬಡಿಗನಾಗಲಿ ಮಗನ ಕೈಗೆ ಮೊದಲ ದಿನವೇ ಉಳಿ-ಸುತ್ತಿಗೆ ಕೊಟ್ಟು ಎದ್ದು ಹೋಗುವದಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಕಲಿಸುವನು. ಇಂಗ್ಲಂಡು ಮಾಡಿದ್ದೂ ಅದನ್ನೇ.

ಆದ ಕಾರಣ ನಾವು ಸರಕಾರಕ್ಕೆ ನಾಲ್ಕು ಸೂಚನೆಗಳನ್ನು ಮಾಡುತ್ತೇವೆ. ಮೊದಲನೆಯದಾಗಿ, ಗಣಿತ-ವಿಜ್ಞಾನಗಳ ನೇಮಕವು ಪ್ರತಿ ವರ್ಷ ನಡೆದು ಜೂನ ತಿಂಗಳೊಳಗೆ ಶಿಕ್ಷಕರು ಶಾಲೆಯಲ್ಲಿರಬೇಕು. ಎರಡನೆಯದಾಗಿ, ಹೊಸ ಶಿಕ್ಷಕರಿಗೆ ಎರಡು ವರ್ಷ ಲೆಕ್ಕಪತ್ರದ ಹೊರೆಯನ್ನು ಹೊರಿಸದೆ, ಹತ್ತಾರು ಶಾಲೆಗಳಿಗೊಬ್ಬರಂತೆ ಅದೇ ವಿಷಯದ ಅನುಭವಿಗಳನ್ನು ಮಾರ್ಗದರ್ಶಕರನ್ನಾಗಿ ನೇಮಿಸಬೇಕು. ನಿವೃತ್ತರಾದ ಒಳ್ಳೆಯ ಶಿಕ್ಷಕರು ಪ್ರತಿ ತಾಲ್ಲೂಕಿನಲ್ಲಿಯೂ ಇದ್ದಾರೆ, ಅವರನ್ನು ಗೌರವದಿಂದ ಕರೆದರೆ ಬಾರದೆ ಇರಲಾರರು. ಮೂರನೆಯದಾಗಿ, ಸಂತೆಕಲ್ಲೂರಿನಂತಹ ದೊಡ್ಡ ಊರುಗಳಲ್ಲಿ ಸುತ್ತಲಿನ ಹಳ್ಳಿಗಳ ಶಿಕ್ಷಕರು, ವಿಶೇಷವಾಗಿ ಶಿಕ್ಷಕಿಯರು, ನಿರ್ಭಯವಾಗಿ ಇರಬಹುದಾದ ವಸತಿಗೃಹಗಳನ್ನು ಕಟ್ಟಿಸಬೇಕು. ಇತ್ತೀಚಿನ ಆಯವ್ಯಯಗಳಲ್ಲಿ 5,000 ಕೋಟಿ ರೂಪಾಯಿಗಳ ಅನುದಾನವನ್ನು ಘೋಷಿಸಿಕೊಂಡ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಇದು ಭಾರವಾದ ಕೆಲಸವೇನಲ್ಲ.

ನಾಲ್ಕನೆಯದೇ ನಮಗೆ ಎಲ್ಲಕ್ಕಿಂತ ಮುಖ್ಯ. ಪ್ರತಿ ತಾಲ್ಲೂಕಿನಿಂದ ಹತ್ತನೆಯ ತರಗತಿಯನ್ನು ದಾಟಿದ ಕೆಲವು ಬಡ ಮಕ್ಕಳನ್ನು, ಅವರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆ ಹೆಣ್ಣುಮಕ್ಕಳನ್ನು, ಆರಿಸಿ ಪಿ.ಯು.ಸಿ. ವಿಜ್ಞಾನದಿಂದ ಬಿ.ಎಡ್. ಮುಗಿಯುವವರೆಗೆ ಊಟ, ವಸತಿ, ಶುಲ್ಕಗಳನ್ನು ಕೊಟ್ಟು ಓದಿಸಬೇಕು. 1963ರಲ್ಲಿ ಸ್ಥಾಪಿತವಾದ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯು ವಿಜ್ಞಾನವನ್ನೂ ಬೋಧನೆಯನ್ನೂ ಒಟ್ಟಿಗೆ ಕಲಿಸುವ ನಾಲ್ಕು ವರ್ಷಗಳ ಪದವಿಯಿಂದ ಹೆಸರಾಗಿದೆ. ಅದೇ ಮಾದರಿಯು ರಾಯಚೂರಿನ ವಿಶ್ವವಿದ್ಯಾಲಯದ ಆಶ್ರಯದಲ್ಲಿ ಲಿಂಗಸುಗೂರು, ಸಿಂಧನೂರುಗಳ ಕಾಲೇಜುಗಳಲ್ಲಿ ನಡೆಯುವಂತಾಗಲಿ. ಹೀಗೆ ಓದಿದವರು ಅರ್ಹತಾ ಪರೀಕ್ಷೆಯನ್ನು ಗೆದ್ದರೆ ತಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ನಿಯತಕಾಲ ಸೇವೆ ಮಾಡುವ ವಚನ ಕೊಡಲಿ. ಹಲವು ವರ್ಷ ದುಡಿದ ಅತಿಥಿ ಶಿಕ್ಷಕರ ಅನುಭವಕ್ಕೂ ಆಯ್ಕೆಯಲ್ಲಿ ನ್ಯಾಯವಾದ ತೂಕ ಸಿಗಲಿ. ಈ ಕ್ರಮದ ಫಲವು ಆರೇಳು ವರ್ಷಗಳ ಬಳಿಕ ಬರುವದು. ಚುನಾವಣೆಯ ಲೆಕ್ಕಕ್ಕೆ ಅದು ದೂರವೇ ಸರಿ. ಆದರೆ 1956ರಿಂದ ಕಳೆದ ವರ್ಷಗಳ ಮುಂದೆ ಆರೇಳು ವರ್ಷಗಳು ಯಾವ ಲೆಕ್ಕ?

ಊರಿನವರಿಗೂ ಒಂದು ಮಾತು. ಶಾಲಾಭಿವೃದ್ಧಿ ಸಮಿತಿಗಳು ಗೋಡೆಗೆ ಸುಣ್ಣ ಹೊಡೆಸುವದಕ್ಕಷ್ಟೇ ಇಲ್ಲ. ಹೊಸ ಶಿಕ್ಷಕಿಯು ಬಂದ ದಿನ ಅವಳಿಗೆ ಬಾಡಿಗೆಯ ಮನೆಯೊಂದನ್ನು ಗೊತ್ತುಮಾಡಿಕೊಟ್ಟು, ಆರು ತಿಂಗಳ ಮೇಲೆ ಅವಳ ತೊಂದರೆಯೇನೆಂದು ಕೇಳುವ ಊರಿನಿಂದ ಓಡಿಹೋಗಲು ಶಿಕ್ಷಕರಿಗೆ ಸಹಜವಾಗಿ ಮನಸ್ಸು ಬಾರದು.

ಕೊನೆಯದಾಗಿ ಒಂದು ಸಣ್ಣ ಬೇಡಿಕೆ. ಇದಕ್ಕೆ ಕಾಯದೆಯ ತಿದ್ದುಪಡಿಯೂ ಬೇಡ, ಕೋಟಿಗಳೂ ಬೇಡ. ಮುಂದಿನ ಬಾರಿ ಫಲಿತಾಂಶದ ಪಟ್ಟಿಯನ್ನು ಪ್ರಕಟಿಸುವಾಗ ಶಿಕ್ಷಣ ಖಾತೆಯು ಅದರ ಪಕ್ಕದಲ್ಲಿ ಮತ್ತೊಂದು ಪಟ್ಟಿಯನ್ನೂ ಪ್ರಕಟಿಸಲಿ: ಪ್ರತಿ ಸರಕಾರಿ ಶಾಲೆಯಲ್ಲಿ ಗಣಿತ ಮತ್ತು ವಿಜ್ಞಾನದ ಹುದ್ದೆಯು ಹಿಂದಿನ ಐದು ವರ್ಷಗಳಲ್ಲಿ ಎಷ್ಟು ತಿಂಗಳು ಖಾಲಿಯಿತ್ತು, ಎಷ್ಟು ಜನ ಬಂದು ಹೋದರು. ಎರಡು ಪಟ್ಟಿಗಳನ್ನೂ ಸೇರಿಸಿ ಓದಿದ ಮೇಲೆ, ದೂರಬೇಕಾದದ್ದು ಯಾರನ್ನೆಂಬದನ್ನು ಸಂತೆಕಲ್ಲೂರಿನ ರೈತನು ತಾನೇ ತೀರ್ಮಾನಿಸುವನು.